ಇಪ್ಪತ್ತಾರು ಅಂಕಿಗಳ ಹಾರ

(ಉತ್ತರಹಳ್ಳಿಯಲ್ಲಿ ವಾರಾಂತ್ಯದ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂದಿನ ನನ್ನ ಮಾತೆಲ್ಲ ಒಂದೇ ಒಂದು ಸಂಖ್ಯೆಯನ್ನು ಕುರಿತದ್ದು. ಅದನ್ನು ಕರಿಹಲಗೆಯ ಮೇಲೆ ಬರೆದಿದ್ದೇನೆ. ಕೈಯಲ್ಲಿ ಕಾಗದ, ಪೆನ್ಸಿಲ್ ಇರುವವರು ದಯವಿಟ್ಟು ಬರೆದುಕೊಳ್ಳಿ:

18,947,668,177,995,426,462,773,730

ಒಟ್ಟು ಇಪ್ಪತ್ತಾರು ಅಂಕಿಗಳು. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಕಂಪ್ಯೂಟರ್ ವಿಭಾಗದವರು, ಮುಂಚಿತವಾಗಿ ಯಾವ ಸುಳಿವೂ ಸಿಗದಂತೆ, ಹದಿಮೂರು ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು ಆರಿಸಿ ಕೊಟ್ಟರು. ಒಂದು 7,686,369,774,870; ಇನ್ನೊಂದು 2,465,099,745,779. ಇವೆರಡನ್ನೂ ಮನಸ್ಸಿನಲ್ಲಿಯೇ ಗುಣಿಸಿ 28 ಸೆಕೆಂಡುಗಳಲ್ಲಿ ಈ ಇಪ್ಪತ್ತಾರು ಅಂಕಿಗಳನ್ನು ಹೇಳಿದವರು ನಮ್ಮ ಬೆಂಗಳೂರಿನಲ್ಲೇ 1929ರ ನವೆಂಬರ್ 4ರಂದು ಹುಟ್ಟಿದ ಶಕುಂತಲಾ ದೇವಿ. 1982ರ ಗಿನ್ನೆಸ್ ದಾಖಲೆ ಪುಸ್ತಕದಲ್ಲಿ ಇದು ಸೇರಿತು. 2013ರ ಏಪ್ರಿಲ್ 21ರಂದು ಅವರು ಇದೇ ಬೆಂಗಳೂರಿನಲ್ಲಿ ತೀರಿಕೊಂಡರು. ದಾಖಲೆಯ ಪ್ರಮಾಣಪತ್ರ ಕುಟುಂಬದ ಕೈ ಸೇರಿದ್ದು 2020ರಲ್ಲಿ.

ಈ ಕಥೆಯನ್ನು ನೀವೆಲ್ಲ ಕೇಳಿದ್ದೀರಿ. ಕೇಳಿದಾಗಲೆಲ್ಲ ನಾವು ಮಾಡುವುದೇನು? 'ಅಬ್ಬಾ!' ಎನ್ನುತ್ತೇವೆ, ಕೈ ಮುಗಿಯುತ್ತೇವೆ, ಮುಂದಕ್ಕೆ ಹೋಗುತ್ತೇವೆ. ಆ ಇಪ್ಪತ್ತಾರು ಅಂಕಿಗಳನ್ನು ತಿರುಗಿ ನೋಡುವವರು ಕಡಿಮೆ. ಅವು ಸರಿಯಾಗಿವೆಯೇ? ಪುಸ್ತಕದಿಂದ ಪುಸ್ತಕಕ್ಕೆ ಇಳಿದು ಬರುವಾಗ ಮೊಳೆ ಜೋಡಿಸುವವನ ಕೈಯಲ್ಲಿ ಒಂದು ಅಂಕಿ ಆಚೀಚೆ ಆಗಿರಬಾರದೇಕೆ? ದೊಡ್ಡ ಸಂಖ್ಯೆ ಎಂದೊಡನೆ ನಾವು ಕೇಳುವುದನ್ನೇ ನಿಲ್ಲಿಸುತ್ತೇವೆ. ಸರ್ಕಾರದ ಬಜೆಟ್ಟಿನ ಲಕ್ಷ ಕೋಟಿಗಳಿಗೂ ಬ್ಯಾಂಕಿನ ಬಡ್ಡಿಯ ಲೆಕ್ಕಕ್ಕೂ ನಮ್ಮದು ಇದೇ ವರ್ತನೆ. ದೊಡ್ಡ ಸಂಖ್ಯೆಗೆ ಹೆದರಬೇಕಾಗಿಲ್ಲ, ಅದನ್ನು ಪ್ರಶ್ನಿಸಬಹುದು, ಅದು ಉತ್ತರವನ್ನೂ ಕೊಡುತ್ತದೆ ಎಂಬುದಷ್ಟೇ ನಾನು ಈ ಹೊತ್ತು ಹೇಳಬೇಕೆಂದಿರುವುದು.

ಮೊದಲು ಇದನ್ನು ಓದುವುದು ಹೇಗೆ? ನಮ್ಮ ದಿನಬಳಕೆಯ ಎಣಿಕೆ ಕೋಟಿಗೆ ನಿಲ್ಲುತ್ತದೆ. ಆದರೆ ಕರ್ನಾಟಕದ ಗಣಿತಜ್ಞನೊಬ್ಬ ಸುಮಾರು ಸಾವಿರದ ನೂರೆಪ್ಪತ್ತು ವರ್ಷಗಳ ಹಿಂದೆಯೇ ಇನ್ನೂ ಬಹಳ ದೂರ ಹೋಗಿದ್ದ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದ ಜೈನ ವಿದ್ವಾಂಸ ಮಹಾವೀರಾಚಾರ್ಯ, ಸುಮಾರು ಕ್ರಿ.ಶ. 850ರಲ್ಲಿ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಎಂಬ ಗ್ರಂಥವನ್ನು ಬರೆದ. ಅದರ ಆರಂಭದಲ್ಲೇ ಅಮೋಘವರ್ಷನ ಪ್ರಶಂಸೆ ಬರುತ್ತದೆ. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಡನೆ ಅಚ್ಚು ಹಾಕಿಸಿದರು. ಪ್ರೊ. ಪದ್ಮಾವತಮ್ಮನವರ ಕನ್ನಡ ಅನುವಾದ 2000ದಲ್ಲಿ ಹೊಂಬುಜದಿಂದ ಹೊರಬಂತು. ಈ ಗ್ರಂಥದಲ್ಲಿ ಸ್ಥಾನಗಳಿಗೆ ಇಪ್ಪತ್ತನಾಲ್ಕು ಹೆಸರುಗಳಿವೆ: ಏಕ, ದಶ, ಶತ, ಸಹಸ್ರ, ದಶಸಹಸ್ರ, ಲಕ್ಷ, ದಶಲಕ್ಷ, ಕೋಟಿ, ದಶಕೋಟಿ, ಶತಕೋಟಿ, ಅರ್ಬುದ, ನ್ಯರ್ಬುದ, ಖರ್ವ, ಮಹಾಖರ್ವ, ಪದ್ಮ, ಮಹಾಪದ್ಮ, ಕ್ಷೋಣಿ, ಮಹಾಕ್ಷೋಣಿ, ಶಂಖ, ಮಹಾಶಂಖ, ಕ್ಷಿತಿ, ಮಹಾಕ್ಷಿತಿ, ಕ್ಷೋಭ, ಮಹಾಕ್ಷೋಭ.

ಇಪ್ಪತ್ತನಾಲ್ಕನೆಯ ಸ್ಥಾನವಾದ ಮಹಾಕ್ಷೋಭ ಎಂದರೆ 1ರ ಮುಂದೆ ಇಪ್ಪತ್ಮೂರು ಸೊನ್ನೆ. ನಮ್ಮ ಸಂಖ್ಯೆಗೆ ಇಪ್ಪತ್ತಾರು ಸ್ಥಾನಗಳಿರುವುದರಿಂದ ಮಹಾವೀರಾಚಾರ್ಯನ ಪಟ್ಟಿಯನ್ನೂ ಅದು ಎರಡು ಹೆಜ್ಜೆ ದಾಟಿದೆ. ಆದರೂ ಓದಲು ಅಡ್ಡಿಯಿಲ್ಲ: 189 ಮಹಾಕ್ಷೋಭ ಮತ್ತು ಉಳಿದದ್ದು. ಹೆಸರು ಸಿಕ್ಕಿದ ಮೇಲೆ ವಸ್ತು ಅಷ್ಟು ಅಪರಿಚಿತವಾಗಿ ಉಳಿಯುವುದಿಲ್ಲ, ಅಲ್ಲವೆ?

ಇನ್ನು ಪರೀಕ್ಷೆಗೆ ಬರೋಣ. ನಿಮ್ಮ ಮನೆಗೆ ಬರುವ ಪತ್ರಗಳ ಮೇಲಿನ ಸಂಖ್ಯೆಯಿಂದಲೇ ಆರಂಭಿಸುತ್ತೇನೆ. ಉತ್ತರಹಳ್ಳಿಯ ಪಿನ್‌ಕೋಡ್ 560061. ಇದರ ಅಂಕಿಗಳನ್ನು ಕೂಡಿಸಿ: 5, 6, 0, 0, 6, 1. ಒಟ್ಟು 18. ಹದಿನೆಂಟು ಒಂಬತ್ತರಿಂದ ಭಾಗವಾಗುತ್ತದೆ. ಆದ್ದರಿಂದ 560061 ಕೂಡ ಒಂಬತ್ತರಿಂದ ಶೇಷವಿಲ್ಲದೆ ಭಾಗವಾಗಲೇಬೇಕು. ಭಾಗಿಸಿ ನೋಡಿ, 62,229 ಬರುತ್ತದೆ. ಇದರ ಹಿಂದೆ ಮಾಯವೇನೂ ಇಲ್ಲ. ಹತ್ತು ಎಂದರೆ ಒಂಬತ್ತು ಮತ್ತು ಒಂದು. ನೂರು ಎಂದರೆ ತೊಂಬತ್ತೊಂಬತ್ತು ಮತ್ತು ಒಂದು. ಸಾವಿರ ಎಂದರೆ ಒಂಬೈನೂರ ತೊಂಬತ್ತೊಂಬತ್ತು ಮತ್ತು ಒಂದು. ಅಂದರೆ ಪ್ರತಿಯೊಂದು ಸ್ಥಾನದ ಬೆಲೆಯಲ್ಲೂ ಒಂಬತ್ತರ ಗುಂಪುಗಳನ್ನು ತೆಗೆದು ಹಾಕಿದರೆ ಉಳಿಯುವುದು ಒಂದೇ. ಹಾಗಾಗಿ ಇಡೀ ಸಂಖ್ಯೆಯನ್ನು ಒಂಬತ್ತರಿಂದ ಭಾಗಿಸಿದಾಗ ಬರುವ ಶೇಷವೂ ಅದರ ಅಂಕಿಗಳ ಮೊತ್ತವನ್ನು ಭಾಗಿಸಿದಾಗ ಬರುವ ಶೇಷವೂ ಒಂದೇ ಆಗಿರುತ್ತವೆ. ಹತ್ತನೆಯ ಶತಮಾನದ ಸುಮಾರಿನ ಎರಡನೆಯ ಆರ್ಯಭಟನ 'ಮಹಾಸಿದ್ಧಾಂತ'ದಲ್ಲಿ ಗುಣಾಕಾರ, ಭಾಗಾಕಾರಗಳನ್ನು ಹೀಗೆ ತಾಳೆ ನೋಡುವ ವಿಧಾನವಿದೆ. ಒಂಬತ್ತನ್ನು ಕಳೆಯುವ ಲೆಕ್ಕ ಎಂದು ಹಳೆಯ ಮೇಷ್ಟ್ರುಗಳ ಕಾಲದವರಿಗೆ ಇದು ಗೊತ್ತು.

ಇದನ್ನು ಶಕುಂತಲಾ ದೇವಿಯವರ ಗುಣಾಕಾರಕ್ಕೆ ಹಚ್ಚೋಣ. ಮೊದಲ ಸಂಖ್ಯೆಯ ಅಂಕಿಗಳ ಮೊತ್ತ 78. ಏಳು ಮತ್ತು ಎಂಟು ಹದಿನೈದು. ಒಂದು ಮತ್ತು ಐದು ಆರು. ಎರಡನೆಯದರ ಮೊತ್ತ 74. ಏಳು ನಾಲ್ಕು ಹನ್ನೊಂದು. ಒಂದು ಒಂದು ಎರಡು. ಆರೆರಡಲಿ ಹನ್ನೆರಡು, ಒಂದು ಎರಡು ಮೂರು. ಅಂದರೆ ಉತ್ತರ ಸರಿಯಾಗಿದ್ದರೆ ಅದರಿಂದಲೂ ಮೂರೇ ಬರಬೇಕು. ಈಗ ಆ ಇಪ್ಪತ್ತಾರು ಅಂಕಿಗಳನ್ನು ಕೂಡಿಸಿ. 138 ಬರುತ್ತದೆ. ಒಂದು, ಮೂರು, ಎಂಟು ಸೇರಿ ಹನ್ನೆರಡು. ಒಂದು ಎರಡು ಮೂರು. ತಾಳೆಯಾಯಿತು.

ಆದರೆ ಈ ಪರೀಕ್ಷೆಗೆ ಒಂದು ಕುರುಡಿದೆ. ನಿಮ್ಮ ಪಿನ್‌ಕೋಡನ್ನು ಬರೆಯುವಾಗ ಕೊನೆಯ ಎರಡು ಅಂಕಿಗಳು ಅದಲುಬದಲಾಗಿ 560016 ಆಯಿತೆನ್ನಿ. ಪತ್ರ ನಗರದ ಇನ್ನೊಂದು ಮಗ್ಗುಲಿನ ದೂರವಾಣಿನಗರಕ್ಕೆ ಹೋಗಿ ಕೂರುತ್ತದೆ. ಅಂಕಿಗಳ ಮೊತ್ತ ಮಾತ್ರ ಹದಿನೆಂಟೇ! ಅಂಕಿಗಳು ಜಾಗ ಬದಲಿಸಿದರೆ ಒಂಬತ್ತಕ್ಕೆ ಗೊತ್ತೇ ಆಗುವುದಿಲ್ಲ. ಸೊನ್ನೆಯ ಜಾಗದಲ್ಲಿ ಒಂಬತ್ತನ್ನು ಬರೆದರೂ ಗೊತ್ತಾಗುವುದಿಲ್ಲ. ಬರೆಯುವವರ ಕೈಯಲ್ಲಿ ಇಂಥ ಅದಲುಬದಲು ಆಗಾಗ ಆಗುವಂಥದೇ.

ಈ ಕುರುಡಿಗೆ ಮದ್ದು ಹನ್ನೊಂದು. ಹತ್ತು ಎಂದರೆ ಹನ್ನೊಂದಕ್ಕೆ ಒಂದು ಕಡಿಮೆ. ನೂರು ಎಂದರೆ ತೊಂಬತ್ತೊಂಬತ್ತಕ್ಕೆ ಒಂದು ಹೆಚ್ಚು. ಸಾವಿರ ಎಂದರೆ 1001ಕ್ಕೆ ಒಂದು ಕಡಿಮೆ. ತೊಂಬತ್ತೊಂಬತ್ತು, 1001 ಎರಡೂ ಹನ್ನೊಂದರಿಂದ ಭಾಗವಾಗುವಂಥವು. ಹೀಗೆ ಒಂದು ಸ್ಥಾನ ಹೆಚ್ಚು, ಮುಂದಿನದು ಕಡಿಮೆ, ಮತ್ತೆ ಹೆಚ್ಚು, ಮತ್ತೆ ಕಡಿಮೆ. ಆದ್ದರಿಂದ ಬಲಗಡೆಯಿಂದ ಒಂದು ಬಿಟ್ಟು ಒಂದು ಅಂಕಿಯನ್ನು ಒಂದು ತಟ್ಟೆಗೆ ಹಾಕಿ. ಬಿಟ್ಟ ಅಂಕಿಗಳನ್ನು ಇನ್ನೊಂದು ತಟ್ಟೆಗೆ ಹಾಕಿ. ಮೊದಲ ತಟ್ಟೆಯ ಮೊತ್ತದಿಂದ ಎರಡನೆಯದನ್ನು ಕಳೆದರೆ ಹನ್ನೊಂದರ ಶೇಷದ ಗುಟ್ಟು ಅಲ್ಲಿದೆ. 560061ರಲ್ಲಿ ತಟ್ಟೆಗಳು 7 ಮತ್ತು 11. 560016ರಲ್ಲಿ 12 ಮತ್ತು 6. ಅಕ್ಕಪಕ್ಕದ ಅಂಕಿಗಳು ಅದಲುಬದಲಾದರೆ ತಟ್ಟೆಗಳೇ ಬದಲಾಗುತ್ತವೆ, ಕಳ್ಳ ಸಿಕ್ಕಿಬೀಳುತ್ತಾನೆ.

ಈಗ ನಮ್ಮ ಸಂಖ್ಯೆಗಳನ್ನು ತೂಗೋಣ. ಗುಣಿಸಿದ ಮೊದಲ ಸಂಖ್ಯೆಯಲ್ಲಿ ತಟ್ಟೆಗಳು 42 ಮತ್ತು 36. ವ್ಯತ್ಯಾಸ 6. ಎರಡನೆಯದರಲ್ಲಿ 37 ಮತ್ತು 37! ವ್ಯತ್ಯಾಸ ಸೊನ್ನೆ. ಅಂದರೆ 2,465,099,745,779 ಎಂಬ ಆ ಸಂಖ್ಯೆ ಹನ್ನೊಂದರಿಂದ ಶೇಷವಿಲ್ಲದೆ ಭಾಗವಾಗುತ್ತದೆ. ಒಂದು ಸಂಖ್ಯೆಯಲ್ಲಿ ಹನ್ನೊಂದು ಅಡಗಿದ್ದರೆ ಅದರಿಂದ ಹುಟ್ಟಿದ ಗುಣಲಬ್ಧದಲ್ಲೂ ಹನ್ನೊಂದು ಅಡಗಿರಲೇಬೇಕು. ಹಾಗಾದರೆ ಉತ್ತರದ ಎರಡು ತಟ್ಟೆಗಳು ಏನು ಹೇಳುತ್ತವೆ? ಬಲಗಡೆಯಿಂದ ಮೊದಲನೆಯ, ಮೂರನೆಯ, ಐದನೆಯ... ಹದಿಮೂರು ಅಂಕಿಗಳ ಮೊತ್ತ 69. ಉಳಿದ ಹದಿಮೂರು ಅಂಕಿಗಳ ಮೊತ್ತವೂ 69. ತಕ್ಕಡಿ ಕೂದಲೆಳೆಯಷ್ಟೂ ವಾಲುವುದಿಲ್ಲ. 189 ಮಹಾಕ್ಷೋಭದಷ್ಟು ದೊಡ್ಡ ಸಂಖ್ಯೆಯೊಂದು ಪೆನ್ಸಿಲ್ ಹಿಡಿದ ಎರಡು ನಿಮಿಷದಲ್ಲಿ ನಮ್ಮೆದುರು ಹೀಗೆ ಸಮನಾಗಿ ನಿಲ್ಲುತ್ತದೆ.

ಇನ್ನೂ ಎರಡು ಸುಲಭದ ಪ್ರಶ್ನೆಗಳನ್ನು ಕೇಳಬಹುದು. ತುದಿ ಸರಿಯಿದೆಯೇ? ಎರಡು ಸಂಖ್ಯೆಗಳ ಕೊನೆಯ ಮೂರು ಮೂರು ಅಂಕಿಗಳಾದ 870 ಮತ್ತು 779ನ್ನು ಗುಣಿಸಿದರೆ 6,77,730. ಕೊನೆಯಲ್ಲಿ 730, ನಮ್ಮ ಉತ್ತರದ ಕೊನೆಯಲ್ಲೂ 730. ತಲೆ ಸರಿಯಿದೆಯೇ? 7.7ನ್ನು 2.5ರಿಂದ ಗುಣಿಸಿದರೆ ಹತ್ತೊಂಬತ್ತರ ಆಸುಪಾಸು, ಉತ್ತರ 18.9ರಿಂದ ಆರಂಭವಾಗುತ್ತದೆ. ಸೊನ್ನೆಯಲ್ಲಿ ಮುಗಿಯುವುದರಿಂದ ಎರಡು ಮತ್ತು ಐದು ಅದರ ಅಪವರ್ತನಗಳು. ಅಂಕಿಗಳ ಮೊತ್ತ 138 ಮೂರರಿಂದ ಭಾಗವಾಗುವುದರಿಂದ ಮೂರೂ ಇದೆ. ಹನ್ನೊಂದು ಇದೆಯೆಂದು ಈಗಷ್ಟೇ ಕಂಡೆವು. ಇವು ನಾಲ್ಕೂ ಸೇರಿ 330. ಭಾಗಾಕಾರ ಮಾಡದೆಯೇ ಈ ಬೃಹತ್ ಸಂಖ್ಯೆ 330ರಿಂದ ಶೇಷವಿಲ್ಲದೆ ಭಾಗವಾಗುತ್ತದೆ ಎಂದು ನೀವು ಧೈರ್ಯವಾಗಿ ಹೇಳಬಹುದು.

ಒಂದು ಎಚ್ಚರಿಕೆಯ ಮಾತು. ಈ ಪರೀಕ್ಷೆಗಳಲ್ಲಿ ಪಾಸಾದ ಮಾತ್ರಕ್ಕೆ ಉತ್ತರ ಸರಿ ಎಂದು ಸಾಧಿಸಿದಂತಾಗುವುದಿಲ್ಲ. ಬಾಯಿಗೆ ಬಂದ ತಪ್ಪು ಸಂಖ್ಯೆಯನ್ನು ಹೇಳಿದರೂ ಒಂಬತ್ತು, ಹನ್ನೊಂದು ಎರಡರಲ್ಲೂ ಅದು ಪಾರಾಗುವ ಸಂಭವ ಸುಮಾರು ತೊಂಬತ್ತೊಂಬತ್ತರಲ್ಲಿ ಒಂದು. ಆದರೆ ಫೇಲಾದರೆ ಮಾತ್ರ ಮೇಲ್ಮನವಿಯೇ ಇಲ್ಲ; ಎಲ್ಲೋ ತಪ್ಪಿದೆ ಎಂಬುದು ಖಂಡಿತ. ಸತ್ಯವನ್ನು ಪೂರ್ತಿ ಸಾಧಿಸಲು ಇಡೀ ಗುಣಾಕಾರ ಮಾಡಬೇಕು. ಸುಳ್ಳನ್ನು ಹಿಡಿಯಲು ಎರಡು ನಿಮಿಷ ಸಾಕು. ಸಾಮಾನ್ಯ ನಾಗರಿಕನಿಗೆ ಬೇಕಾದದ್ದು ಹೆಚ್ಚಾಗಿ ಈ ಎರಡನೆಯದು.

ಇಲ್ಲಿ ಮತ್ತೆ ಮಹಾವೀರಾಚಾರ್ಯನ ಬಳಿ ಹೋಗೋಣ. ಗುಣಾಕಾರದ ಅಭ್ಯಾಸಕ್ಕೆಂದು ಆತ ಕೊಟ್ಟಿರುವ ಕೆಲವು ಲೆಕ್ಕಗಳ ಉತ್ತರಗಳು ವಿಚಿತ್ರವಾಗಿ ಸುಂದರವಾಗಿವೆ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ 11111111, ಎಂಟು ಒಂದುಗಳು. 12345679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳು. 142857143ನ್ನು 7ರಿಂದ ಗುಣಿಸಿದರೆ 1000000001. 27994681ನ್ನು 441ರಿಂದ ಗುಣಿಸಿದರೆ 12345654321, ಮೆಟ್ಟಿಲು ಹತ್ತಿ ಇಳಿದಂತೆ. 333333666667ನ್ನು 33ರಿಂದ ಗುಣಿಸಿದರೆ 11000011000011. ಹಿಂದಿನಿಂದ ಓದಿದರೂ ಮುಂದಿನಿಂದ ಓದಿದರೂ ಇವು ಒಂದೇ. ಆತ ಇವುಗಳನ್ನು ಕೊರಳಿನ ಹಾರಕ್ಕೆ ಹೋಲಿಸುತ್ತಾನೆ.

ಇದು ಬರಿಯ ಆಟವೆಂದು ಕೆಲವರಿಗೆ ತೋರಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಧೂಳು ಹರಡಿದ ಹಲಗೆಯ ಮೇಲೆ ಬೆರಳಿನಿಂದ ಗುಣಿಸುತ್ತಿದ್ದ ವಿದ್ಯಾರ್ಥಿಯ ಪಕ್ಕದಲ್ಲಿ ಯಾವಾಗಲೂ ಗುರು ಇರುತ್ತಿದ್ದನೆ? ಉತ್ತರ ಹಾರದಂತೆ ಬಂದರೆ ಲೆಕ್ಕ ಸರಿ. ಹಾರದಲ್ಲಿ ಒಂದು ಮಣಿ ಬೇರೆಯ ಬಣ್ಣದ್ದಾಗಿ ಕಂಡರೆ ಎಲ್ಲೋ ಕೈತಪ್ಪಿದೆ. ಅಂದರೆ ಸಂಖ್ಯೆಯೇ ಅವನಿಗೆ ಗುರು. ಸಂಖ್ಯೆಯ ಒಳಗಿನ ಅಂದ ಸರಿತಪ್ಪುಗಳ ಒರೆಗಲ್ಲೂ ಆಗಬಲ್ಲದು. ಶಕುಂತಲಾ ದೇವಿಯವರ ಇಪ್ಪತ್ತಾರು ಅಂಕಿಗಳು ಕಣ್ಣಿಗೆ ಹಾರದಂತೆ ಕಾಣುವುದಿಲ್ಲ, ನಿಜ. ಆದರೆ 69ಕ್ಕೆ 69 ತೂಗುವ ಒಂದು ಹಾರ ಅದರೊಳಗೂ ಇದೆ. ಹನ್ನೊಂದನ್ನು ಹಿಡಿದು ನೋಡಿದವರಿಗೆ ಮಾತ್ರ ಅದು ಕಾಣುತ್ತದೆ.

ಹೀಗೆ ಪರೀಕ್ಷಿಸಿದರೆ ಶಕುಂತಲಾ ದೇವಿಯವರ ಮಹತ್ವ ಕಡಿಮೆಯಾಗುತ್ತದೆಯೆ? ಇಲ್ಲ. ಸರ್ಕಸ್ಸಿನಲ್ಲಿ ಕೆಲಸ ಮಾಡುತ್ತಿದ್ದ ತಂದೆಯ ಮಗಳಾಗಿ, ಶಾಲೆಯ ಓದು ಹೆಚ್ಚೇನೂ ಇಲ್ಲದೆ, ಮಗುವಾಗಿದ್ದಾಗಲೇ ಇಸ್ಪೀಟಿನ ಎಲೆಗಳನ್ನು ನೆನಪಿಟ್ಟು ತಂದೆಯನ್ನು ಬೆರಗುಗೊಳಿಸಿದವರು ಅವರು. 1988ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞ ಆರ್ಥರ್ ಜೆನ್ಸನ್ ಅವರನ್ನು ಪರೀಕ್ಷಿಸಿ 1990ರಲ್ಲಿ ವರದಿ ಪ್ರಕಟಿಸಿದರು. 61629875ರ ಘನಮೂಲ 395, 170859375ರ ಏಳನೆಯ ಮೂಲ 15 ಎಂಬ ಉತ್ತರಗಳು, ಅವರು ಪ್ರಶ್ನೆಯನ್ನು ಪುಸ್ತಕದಲ್ಲಿ ಬರೆದುಕೊಳ್ಳುವ ಮುಂಚೆಯೇ ಬಂದವಂತೆ. ಆದರೆ ದೀಪ ಹೊತ್ತಿದ ಕೂಡಲೆ ಗುಂಡಿ ಒತ್ತುವಂಥ ಸರಳ ಪರೀಕ್ಷೆಗಳಲ್ಲಿ ಅವರ ವೇಗ ಅಸಾಧಾರಣವೇನೂ ಆಗಿರಲಿಲ್ಲ. ಅವರ ಮಿದುಳು ಬೇರೆ ಲೋಕದ್ದಲ್ಲ. ಸಂಖ್ಯೆಗಳೊಡನೆ ಅವರಿಗಿದ್ದ ಒಡನಾಟ ಬೇರೆ ಬಗೆಯದು.

ಅಂಥ ಒಡನಾಟ ಎಂದರೇನು? 61629875ನ್ನೇ ನೋಡಿ. 400ರ ಘನ 6,40,00,000. ನಮ್ಮದು ಅದಕ್ಕಿಂತ ಸ್ವಲ್ಪ ಕಡಿಮೆ. ಕೊನೆಯಲ್ಲಿ 5 ಇರುವುದರಿಂದ ಮೂಲವೂ 5ರಲ್ಲೇ ಮುಗಿಯಬೇಕು. 385ರ ಘನ 5,70,66,625, ತೀರ ಕಡಿಮೆಯಾಯಿತು. ಹಾಗಾದರೆ 395. ಇದನ್ನು ಅವರು ಹೀಗೆಯೇ ಮಾಡಿದರೆಂದು ನಾನು ಹೇಳುತ್ತಿಲ್ಲ. ನಾವು ಮಾಡಬಹುದಾದ ದಾರಿ ಇದು. 1977ರಲ್ಲಿ ಅಮೆರಿಕದ ಡಲ್ಲಾಸಿನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾನಿಲಯದಲ್ಲಿ ಅವರು 201 ಅಂಕಿಗಳ ಸಂಖ್ಯೆಯೊಂದರ ಇಪ್ಪತ್ಮೂರನೆಯ ಮೂಲವನ್ನು 50 ಸೆಕೆಂಡುಗಳಲ್ಲಿ ಹೇಳಿದರು. ಉತ್ತರ 546372891. ಅಲ್ಲೂ 201 ಎಂಬ ಎಣಿಕೆಯೊಂದೇ ಬಹಳಷ್ಟನ್ನು ಬಿಟ್ಟುಕೊಡುತ್ತದೆ. ಇಪ್ಪತ್ಮೂರನೆಯ ಘಾತದಲ್ಲಿ 201 ಅಂಕಿ ಬರಬೇಕಾದರೆ ಮೂಲ ಒಂಬತ್ತು ಅಂಕಿಗಳದ್ದೇ ಆಗಿರಬೇಕು, ಅದೂ ಸುಮಾರು 49.6 ಕೋಟಿ ಮತ್ತು 54.8 ಕೋಟಿಗಳ ನಡುವೆ. ಇನ್ನು ಸಂಖ್ಯೆ 1ರಲ್ಲಿ ಮುಗಿದರೆ ಮೂಲವೂ 1ರಲ್ಲೇ ಮುಗಿಯಬೇಕು. ನಡುವಿನ ಅಂಕಿಗಳೇ ಪ್ರತಿಭೆಯ ಕ್ಷೇತ್ರ. ಆ ಉತ್ತರದಲ್ಲಿ 1ರಿಂದ 9ರವರೆಗಿನ ಅಂಕಿಗಳೆಲ್ಲ ಒಂದೊಂದೇ ಸಲ ಬಂದಿರುವುದನ್ನು ನೀವು ಗಮನಿಸಿದಿರಾ?

ಇದೆಲ್ಲ ಹಳೆಯ ಕಾಲದ ವಿನೋದ, ಈಗ ಕ್ಯಾಲ್ಕ್ಯುಲೇಟರ್ ಇದೆಯಲ್ಲ ಎಂದು ಕೇಳುವವರಿದ್ದಾರೆ. ನಿಮ್ಮ ಜೇಬಿನಲ್ಲಿರುವ ಆಧಾರ್ ಕಾರ್ಡನ್ನು ತೆಗೆದು ನೋಡಿ. ಅದರ ಹನ್ನೆರಡು ಅಂಕಿಗಳಲ್ಲಿ ಕೊನೆಯದು ಮೊದಲ ಹನ್ನೊಂದನ್ನು ಕಾಯುವ ಕಾವಲುಗಾರ. 1969ರಲ್ಲಿ ಡಚ್ ಗಣಿತಜ್ಞ ವೆರ್ಹೂಫ್ ರೂಪಿಸಿದ ವಿಧಾನದಿಂದ ಅದನ್ನು ಲೆಕ್ಕ ಹಾಕಿರುತ್ತಾರೆ. ಒಂದು ಅಂಕಿ ತಪ್ಪಿದರೂ, ಅಕ್ಕಪಕ್ಕದ ಎರಡು ಅದಲುಬದಲಾದರೂ ಅದು ಹಿಡಿದು ಹಾಕುತ್ತದೆ. ಬ್ಯಾಂಕಿನ ಕಾರ್ಡಿನ ಕೊನೆಯ ಅಂಕಿಯದೂ ಇಂಥದೇ ಕೆಲಸ. ಅದರ ವಿಧಾನ ಲೂನ್ ಎಂಬಾತನದು, 1960ರಲ್ಲಿ ಪೇಟೆಂಟ್ ಆದದ್ದು. 2007ಕ್ಕೆ ಮುಂಚಿನ ಪುಸ್ತಕಗಳ ಬೆನ್ನಿನ ಮೇಲಿನ ಹತ್ತು ಅಂಕಿಯ ಐಎಸ್‌ಬಿಎನ್ ಸಂಖ್ಯೆಯನ್ನು ಕಾಯುತ್ತಿದ್ದುದು ನಮ್ಮ ಹನ್ನೊಂದೇ. 1972ರ ಆಗಸ್ಟ್ 15ರಂದು ಬಂದ ಪಿನ್‌ಕೋಡಿಗೆ ಮಾತ್ರ ಇಂಥ ಕಾವಲುಗಾರ ಇಲ್ಲ. ಆದ್ದರಿಂದಲೇ ಉತ್ತರಹಳ್ಳಿಯ ಪತ್ರ ದೂರವಾಣಿನಗರಕ್ಕೆ ಹೋಗಬಹುದು, ಯಾವ ಗಂಟೆಯೂ ಬಾರಿಸುವುದಿಲ್ಲ.

ಇನ್ನೊಂದು ಕಡೆಯಿಂದಲೂ ದೊಡ್ಡ ಸಂಖ್ಯೆಗಳ ಗುಣ ನಮ್ಮನ್ನು ಕಾಯುತ್ತಿದೆ. ಎರಡು ಸಂಖ್ಯೆಗಳನ್ನು ಗುಣಿಸುವುದು ಸುಲಭ. ಗುಣಲಬ್ಧವನ್ನು ಕೊಟ್ಟು ಆ ಎರಡು ಯಾವುವೆಂದು ಕೇಳಿದರೆ ಕಷ್ಟ. 1977ರಲ್ಲಿ ಅಮೆರಿಕದಲ್ಲಿ ಮೂವರು ವಿಜ್ಞಾನಿಗಳು 129 ಅಂಕಿಗಳ ಒಂದು ಸಂಖ್ಯೆಯನ್ನು ಮುಂದಿಟ್ಟು, ಇದನ್ನು ಹುಟ್ಟಿಸಿದ ಎರಡು ಅವಿಭಾಜ್ಯ ಸಂಖ್ಯೆಗಳನ್ನು ಕಂಡುಹಿಡಿಯಿರಿ ಎಂದು ಸವಾಲು ಹಾಕಿದರು. ಅದು ಬಿಡಿಸಿಕೊಂಡದ್ದು 1994ರಲ್ಲಿ, ಸುಮಾರು 600 ಮಂದಿ ಸ್ವಯಂಸೇವಕರು ತಮ್ಮ ಕಂಪ್ಯೂಟರುಗಳನ್ನು ತಿಂಗಳುಗಟ್ಟಲೆ ದುಡಿಸಿದ ಮೇಲೆ. ಇಂದು ಇಂಟರ್‌ನೆಟ್ಟಿನ ಗುಟ್ಟುಗಳನ್ನು ಕಾಯುವ ಇದೇ ಬಗೆಯ ಬೀಗಗಳಲ್ಲಿ ಆರುನೂರಕ್ಕೂ ಹೆಚ್ಚು ಅಂಕಿಗಳ ಸಂಖ್ಯೆಗಳು ಸಾಮಾನ್ಯವಾಗಿವೆ. ನಮ್ಮ ಇಪ್ಪತ್ತಾರು ಅಂಕಿಯ ಸಂಖ್ಯೆ ಬೀಗಕ್ಕೆ ಒದಗುವುದಿಲ್ಲ. ಎರಡೇ ನಿಮಿಷದಲ್ಲಿ ಅದು 330ನ್ನು ಬಿಟ್ಟುಕೊಟ್ಟಿತಷ್ಟೆ! ಬೀಗದ ಸಂಖ್ಯೆಗೆ ಅಂಥ ಸಡಿಲ ಇರಬಾರದು.

ಯಂತ್ರ ಲೆಕ್ಕ ಮಾಡುತ್ತದೆ, ಒಪ್ಪೋಣ. ಆದರೆ ಯಂತ್ರಕ್ಕೆ ಅಂಕಿಗಳನ್ನು ಊಡುವುದು ಮನುಷ್ಯನ ಬೆರಳು. ಬೆರಳು ತಪ್ಪಿದರೆ ಯಂತ್ರ ಆ ತಪ್ಪನ್ನೇ ಬಹಳ ನಿಖರವಾಗಿ ಗುಣಿಸಿ ಕೊಡುತ್ತದೆ. ಅಂಗಡಿಯ ಬಿಲ್ಲಿನಲ್ಲಿ, ಪಿಂಚಣಿಯ ಚೀಟಿಯಲ್ಲಿ, ಜಮೀನಿನ ಪತ್ರದಲ್ಲಿ ಕುಳಿತ ಅಂಥ ತಪ್ಪನ್ನು ಗುರುತಿಸಬೇಕಾದವರು ನಾವೇ. ಅದಕ್ಕೆ ಶಕುಂತಲಾ ದೇವಿಯವರ ಪ್ರತಿಭೆ ಬೇಡ. ಕೂಡುವುದು, ಕಳೆಯುವುದು ಬಂದರೆ ಸಾಕು. ಜೊತೆಗೆ, ಎಷ್ಟೇ ದೊಡ್ಡ ಸಂಖ್ಯೆಯಾದರೂ ನಿಲ್ಲಿಸಿ ಎರಡು ಪ್ರಶ್ನೆ ಕೇಳುತ್ತೇನೆ ಎಂಬ ಧೈರ್ಯ ಬೇಕು.

ಮಕ್ಕಳಿಗೆ ನಾವು ಆ ಲಂಡನ್ನಿನ ಕಥೆಯನ್ನು ಹೇಳೋಣ, ಅಗತ್ಯವಾಗಿ ಹೇಳೋಣ. ಆದರೆ 28 ಸೆಕೆಂಡಿನ ಬೆರಗಿಗೆ ನಿಲ್ಲಿಸದೆ ಆ ಇಪ್ಪತ್ತಾರು ಅಂಕಿಗಳನ್ನೂ ಅವರ ಮುಂದೆ ಬರೆದಿಡೋಣ. ಒಂದು ಬಿಟ್ಟು ಒಂದು ಕೂಡಿಸಿ ನೋಡಲಿ. ಎರಡು ಕಡೆಯೂ 69 ಬಂದಾಗ ಆ ಮಗುವಿನ ಮುಖದಲ್ಲಿ ಅರಳುವ ಬೆರಗು, ಸುಮ್ಮನೆ ಕಥೆ ಕೇಳಿ ಬಂದ ಬೆರಗಿಗಿಂತ ಹೆಚ್ಚು ದಿನ ಬಾಳುತ್ತದೆ. ಏಕೆಂದರೆ ಅದು ಸ್ವಂತ ದುಡಿಮೆಯದು.